ಹಡಗು ಹತ್ತಿದ ಹಿರಿಯರು: ತಪ್ಪು ಕಲ್ಪನೆ ಮತ್ತು ವಾಸ್ತವ

ಸೋಸಲೆಯಲ್ಲಿ ನಿಂತರೆ ಕಾವೇರಿ ಕಾಣುತ್ತದೆ, ಗದ್ದೆ ಕಾಣುತ್ತದೆ, ವ್ಯಾಸರಾಜ ಮಠ ಕಾಣುತ್ತದೆ. ಕಡಲು ಕಾಣುವುದಿಲ್ಲ. ಮನೆತನದ ಕಥೆ ಹೇಳುವಾಗ ನಮ್ಮ ಕಡೆಯವರು ಹೊಲ, ಗುಡಿ, ಗೋತ್ರಗಳನ್ನು ಎಣಿಸಿ ನಿಲ್ಲಿಸುತ್ತಾರೆ. ನಡುವೆ ಯಾರಾದರೂ "ಅಮ್ಮನ ತಾತ ಹಡಗಿನಲ್ಲಿ ಇದ್ದರಂತೆ" ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಆ "ಅಂತೆ"ಯ ಹಿಂದೆ ಒಬ್ಬ ಮನುಷ್ಯನ ಇಡೀ ದುಡಿಮೆ ಇದೆ. ಅದನ್ನು ಹುಡುಕಲು ಹೊರಟವರನ್ನು ತಡೆಯುವುದು ದಾಖಲೆಯ ಕೊರತೆಗಿಂತ ಹೆಚ್ಚಾಗಿ ನಾವೇ ನಂಬಿಕೊಂಡ ಕೆಲವು ಮಾತುಗಳು.

ತಪ್ಪು ಕಲ್ಪನೆ: ನಾವು ಒಳನಾಡಿನವರು, ಕಡಲಿಗೂ ನಮಗೂ ಏನು ಸಂಬಂಧ?

ವಾಸ್ತವ: ಸೋಸಲೆಯ ಕಡೆಗೆ ಹರಿದುಬರುವ ಕಾವೇರಿ ಶ್ರೀರಂಗಪಟ್ಟಣವನ್ನು ಬಳಸಿಕೊಂಡೇ ಬರುತ್ತದೆ. ಆ ಪಟ್ಟಣದಲ್ಲಿ ಕುಳಿತು ಟಿಪ್ಪು ಸುಲ್ತಾನ್ ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿ ನಡೆಸಿದ. ಮೈಸೂರು ಸೀಮೆಯ ಶ್ರೀಗಂಧ, ಮೆಣಸು, ಏಲಕ್ಕಿ ಅರಬ್ಬಿ ಕಡಲು ದಾಟಿ ಅಲ್ಲಿಗೆ ಹೋಗುತ್ತಿದ್ದವು. ಅವನು ಆ ಕೋಠಿಗೆ ಬರೆಸಿದ ಪತ್ರಗಳು ಇಂಗ್ಲಿಷಿಗೆ ಅನುವಾದಗೊಂಡು 1811ರಲ್ಲೇ ಅಚ್ಚಾಗಿವೆ. ಸರಕು ಹೋದ ದಾರಿಯಲ್ಲಿ ಜನವೂ ಹೋಗುತ್ತಾರೆ. ಇನ್ನೊಂದು ಮಾತು: ನಮ್ಮ ವಂಶಾವಳಿಗಳಲ್ಲಿ ಬರುವುದು ಬಹುಮಟ್ಟಿಗೆ ತಂದೆ-ಮಗನ ಸಾಲು ಮಾತ್ರ. ಕರಾವಳಿಯಿಂದ ಸೊಸೆಯಾಗಿ ಬಂದವಳ ತವರು ಅದರಲ್ಲಿ ಇರುವುದಿಲ್ಲ. ಕಡಲಿನ ನಂಟು ಕಳೆದುಹೋಗುವುದು ಅಲ್ಲೇ. ಆದ್ದರಿಂದ ಹುಡುಕಾಟ ಮನೆಯ ಹಿರಿಯ ಹೆಂಗಸರ ನೆನಪಿನಿಂದ ಶುರುವಾಗಲಿ.

ತಪ್ಪು ಕಲ್ಪನೆ: ಕೂಲಿಗೆ ಹೋದ ಖಲಾಸಿಯ ಹೆಸರನ್ನು ಯಾರು ಬರೆದಿಟ್ಟಾರು?

ವಾಸ್ತವ: 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಮಂಗಳೂರಿನಲ್ಲಿ ನೆಲೆಸಿದ್ದ. ಅವನಿಗೆ ಏಡನ್‌ನಿಂದ ಬಂದ ಪತ್ರಗಳು ಕೈರೋದ ಒಂದು ಯೆಹೂದಿ ಪ್ರಾರ್ಥನಾ ಮಂದಿರದ ಹಳೆಯ ಕಾಗದಗಳ ನಡುವೆ ಉಳಿದವು. ಅವನ ಆಳಾಗಿದ್ದು, ಅವನ ಪರವಾಗಿ ವ್ಯಾಪಾರಕ್ಕೆ ಕಡಲು ದಾಟುತ್ತಿದ್ದವನ ಹೆಸರು ಆ ಪತ್ರಗಳಲ್ಲಿದೆ. ಸ್ವರಗಳಿಲ್ಲದ ಮೂರೇ ಅಕ್ಷರ. ಲೇಖಕ ಅಮಿತಾವ್ ಘೋಷ್ ಅದನ್ನು "ಬೊಮ್ಮ" ಎಂದು ಓದಿದರು. ಎಂಟುನೂರು ವರ್ಷಗಳ ಹಿಂದಿನ ಆಳಿನ ಹೆಸರೇ ಉಳಿದಿರುವಾಗ ನೂರು ವರ್ಷದ ಹಿಂದಿನ ತಾತನ ಬಗ್ಗೆ ಕೈಚೆಲ್ಲಬೇಕಾಗಿಲ್ಲ.

ಉಗಿಹಡಗಿನ ಕಾಲಕ್ಕೆ ಬಂದರೆ, ಕಡಲಾಚೆ ಹೋಗುವ ಬ್ರಿಟಿಷ್ ವ್ಯಾಪಾರಿ ಹಡಗು ತನ್ನ ಸಿಬ್ಬಂದಿಯ ಕರಾರುಪಟ್ಟಿ ಇಡಲೇಬೇಕೆಂಬ ಕಾನೂನಿತ್ತು. 1861ರಿಂದ 1938ರವರೆಗಿನ ಪಟ್ಟಿಗಳಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಲಂಡನ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿದೆ. 5ರಿಂದ ಕೊನೆಗೊಳ್ಳುವ ವರ್ಷಗಳವು ಬಹುಪಾಲು ಗ್ರೀನಿಚ್‌ನ ಕಡಲ ವಸ್ತುಸಂಗ್ರಹಾಲಯದಲ್ಲಿವೆ. ಉಳಿದವುಗಳಲ್ಲಿ ಹೆಚ್ಚಿನವು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಮೆಮೋರಿಯಲ್ ವಿಶ್ವವಿದ್ಯಾಲಯ ಸೇರಿವೆ. 1915ರ ಪಟ್ಟಿಗಳನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಒಂದು ಎಚ್ಚರಿಕೆ: ಭಾರತೀಯ ನಾವಿಕರನ್ನು ಸಾಮಾನ್ಯವಾಗಿ ಪ್ರತ್ಯೇಕ ಕರಾರಿನ ಮೇಲೆ ಸೇರಿಸಿಕೊಳ್ಳುತ್ತಿದ್ದರು, ಆ ಹಾಳೆಗಳನ್ನು ಬೇರೆಯಾಗಿಯೇ ಕೇಳಬೇಕು.

ತಪ್ಪು ಕಲ್ಪನೆ: ಹೆಸರು ಗೊತ್ತಿದ್ದರೆ ಸಾಕು, ಸಿಕ್ಕೇ ಸಿಗುತ್ತಾರೆ.

ವಾಸ್ತವ: ಹೆಸರು ಹಿಡಿದು ಹೊರಟವರೇ ಹೆಚ್ಚಾಗಿ ಬರಿಗೈಲಿ ಬರುತ್ತಾರೆ. ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಬರೆದ. ಊರುಗಳದೂ ಅದೇ ಕಥೆ. ಹಳೆಯ ಇಂಗ್ಲಿಷ್ ಕಾಗದಗಳಲ್ಲಿ ಹೊನ್ನಾವರ "ಓನೋರ್" ಆಗಿದೆ, ಕುಂದಾಪುರ "ಕೂಂಡಾಪೂರ್" ಆಗಿದೆ. ಆಡಳಿತದ ಗಡಿಯೂ ನೆನಪಿರಲಿ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಕುಂದಾಪುರ, ಮಂಗಳೂರು, ಕಾಸರಗೋಡುಗಳು ಮದ್ರಾಸಿನಲ್ಲೇ ಉಳಿದವು. ಕುಮಟೆಯವನ ಮುಂದೆ ಮುಂಬಯಿ ಎಂದೂ ಕುಂದಾಪುರದವನ ಮುಂದೆ ಮದ್ರಾಸ್ ಎಂದೂ ಬರೆದಿದ್ದರೆ ಬೇರೆ ಯಾರೋ ಎಂದು ಪುಟ ತಿರುಗಿಸಬೇಡಿ.

ಹುಡುಕಬೇಕಾದದ್ದು ಹಡಗನ್ನು. ಹಳೇ ಟ್ರಂಕಿನಲ್ಲಿ ನಾವಿಕನ ಪುಸ್ತಕ, ಅಂದರೆ ಸಿಡಿಸಿ, ಸಿಕ್ಕರೆ ನಿಧಾನವಾಗಿ ಬಿಡಿಸಿ. ಒಂದು ಸಾಲು ಅಂದರೆ ಒಂದು ಪಯಣ. ಹಡಗಿನ ಹೆಸರು, ಹತ್ತಿದ ದಿನ ಮತ್ತು ಬಂದರು, ಇಳಿದ ದಿನ ಮತ್ತು ಬಂದರು, ಹುದ್ದೆ, ಕೊನೆಯ ಅಂಕಣದಲ್ಲಿ "ವೆರಿ ಗುಡ್" ಎಂಬ ನಡತೆಯ ಮೊಹರು. ಹಡಗಿನ ಹೆಸರಿನ ಜೊತೆ ಒಂದು ಅಂಕಿ ಇದ್ದರೆ ಅದು ಆ ಹಡಗಿನ ಅಧಿಕೃತ ಸಂಖ್ಯೆ. ಒಂದೇ ಹೆಸರಿನ ಹಡಗು ಹತ್ತಿರಬಹುದು, ಸಂಖ್ಯೆ ಮಾತ್ರ ಒಂದಕ್ಕೇ. ಮೊದಲು ಅದನ್ನು ಬರೆದುಕೊಳ್ಳಿ. ಕರಾರುಪಟ್ಟಿಯ ಬೀಗ ತೆಗೆಯುವ ಕೀಲಿ ಅದೇ.

ತಪ್ಪು ಕಲ್ಪನೆ: ಲಸ್ಕರ್, ತಾಂಡೇಲ, ಭಂಡಾರಿ ಎಂದಿದ್ದರೆ ಅದು ಜಾತಿ ಅಥವಾ ಮನೆತನದ ಹೆಸರು.

ವಾಸ್ತವ: ಪಟ್ಟಿಯಲ್ಲಿ ಇವು ಕೆಲಸದ ಹೆಸರುಗಳು. ಸೈನ್ಯ, ಪಾಳೆಯ ಎಂಬ ಅರ್ಥದ ಪಾರ್ಸಿ ಮಾತು "ಲಷ್ಕರ್"ನಿಂದ ಬಂದ ಲಸ್ಕರ್, ಯಾವುದೇ ಭಾರತೀಯ ನಾವಿಕನಿಗೆ ಅಂಟಿದ ಹೆಸರು. ಸಾರಂಗ ಡೆಕ್ಕಿನ ಆಳುಗಳ ಮುಖ್ಯಸ್ಥ, ತಾಂಡೇಲ ಅವನ ಕೈಕೆಳಗಿನವ, ಸುಕಾನಿ ಚುಕ್ಕಾಣಿ ಹಿಡಿಯುವವ, ಭಂಡಾರಿ ಅಡುಗೆಯವ. ಕಾರವಾರದ ಕಡೆ ತಾಂಡೇಲ ಎಂಬುದು ಇಂದು ಅಡ್ಡಹೆಸರೂ ಹೌದು, ಭಂಡಾರಿ ಕರಾವಳಿಯಲ್ಲಿ ಮನೆತನದ ಹೆಸರೂ ಹೌದು. ಹಾಗಾಗಿ ಅದು ಯಾವ ಅಂಕಣದಲ್ಲಿದೆ ಎಂದು ನೋಡಿಯೇ ಅರ್ಥ ಮಾಡಬೇಕು. ಇಲ್ಲದಿದ್ದರೆ ಅಡುಗೆಯವನೊಬ್ಬ ನಮ್ಮ ವಂಶಾವಳಿಯೊಳಗೆ ಬಂದು ಕೂರುತ್ತಾನೆ, ನಮ್ಮ ತಾತ ಹೊರಗೇ ಉಳಿಯುತ್ತಾರೆ.

ತಪ್ಪು ಕಲ್ಪನೆ: ಹಡಗಿನ ದಾಖಲೆ ಎಂದರೆ ಲಂಡನ್ನಿನದೇ.

ವಾಸ್ತವ: ನಮ್ಮ ಕರಾವಳಿಯ ಎಷ್ಟೋ ಜನ ದುಡಿದದ್ದು ಹಾಯಿ ಕಟ್ಟಿದ ಮಂಜಿ, ಪತ್ತೆಮಾರಿಗಳಲ್ಲಿ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಕೆಂಪು ಹೆಂಚುಗಳನ್ನು ದೂರದ ಬಂದರುಗಳಿಗೆ ಮುಟ್ಟಿಸಿದವರಲ್ಲಿ ಇವರೂ ಇದ್ದರು. ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಮಂಜಿಗಳು ಈಗಲೂ ಸಾಮಾನು ಒಯ್ಯುತ್ತವೆ. ಇಂಥವರನ್ನು ಲಂಡನ್ನಿನಲ್ಲಿ ಹುಡುಕಿ ಫಲವಿಲ್ಲ. ಸಾಹುಕಾರರ ಲೆಕ್ಕದ ಪುಸ್ತಕ, ಬಂದರಿನ ರಿಜಿಸ್ಟರ್, ದೇವಸ್ಥಾನದ ಕಾಣಿಕೆ ಚೀಟಿ, ಚರ್ಚಿನ ಮದುವೆ ಪುಸ್ತಕ, ಇವೇ ನಿಮಗೆ ದಾರಿ.

ತಪ್ಪು ಕಲ್ಪನೆ: ಯುದ್ಧದಲ್ಲಿ ಕಡಲಪಾಲಾದವರ ಗುರುತೇ ಉಳಿದಿಲ್ಲ.

ವಾಸ್ತವ: ಲಂಡನ್ನಿನ ಟವರ್ ಹಿಲ್ ಸ್ಮಾರಕದಲ್ಲಿ ಹುಡುಕಿ ನಿರಾಶರಾದವರು ಹಾಗೆ ಹೇಳುತ್ತಾರೆ. ಭಾರತೀಯ ನಾವಿಕರ ಸ್ಮಾರಕ ಇರುವುದು ಮುಂಬಯಿಯ ಮಸ್ಜಿದ್ ಬಂದರಿನ ಇಂಡಿಯನ್ ಸೈಲರ್ಸ್ ಹೋಮ್‌ನಲ್ಲಿ. ಮೊದಲ ಮಹಾಯುದ್ಧದಲ್ಲಿ ಸತ್ತು ಕಡಲನ್ನೇ ಸಮಾಧಿಯಾಗಿ ಪಡೆದ 2,000ಕ್ಕೂ ಹೆಚ್ಚು ನಾವಿಕರನ್ನು ಅಲ್ಲಿ ಸ್ಮರಿಸಲಾಗಿದೆ. ಎರಡನೆಯ ಯುದ್ಧದಲ್ಲಿ ಮಡಿದ ವ್ಯಾಪಾರಿ ಹಡಗುಗಳ ಸುಮಾರು 6,000 ಜನರ ಹೆಸರು ಗೌರವ ಪುಸ್ತಕದಲ್ಲಿದೆ. ಅದರ ಒಂದು ಪ್ರತಿ ಮುಂಬಯಿಯಲ್ಲಿ, ಇನ್ನೊಂದು ಚಿತ್ತಗಾಂಗ್‌ನಲ್ಲಿ. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಜಾಲತಾಣದಲ್ಲಿ ಈ ಹೆಸರುಗಳನ್ನು ಮನೆಯಿಂದಲೇ ಹುಡುಕಬಹುದು.

ಹುಡುಕಾಟ ಮುಗಿದ ದಿನ ಒಂದು ಕೆಲಸ ಉಳಿಯುತ್ತದೆ. ಯಾರದೋ ಕಿವಿಗೆ ಕೇಳಿದಂತೆ, ಯಾರದೋ ಲಿಪಿಯಲ್ಲಿ ಇಷ್ಟು ಕಾಲ ಬಿದ್ದಿದ್ದ ಆ ಹೆಸರನ್ನು ಕನ್ನಡದಲ್ಲಿ ತಿದ್ದಿ ಬರೆಯಿರಿ. ಪಕ್ಕದಲ್ಲಿ ಊರು, ಹಡಗು, ಹತ್ತಿದ ದಿನ, ಇಳಿದ ದಿನ ಸೇರಿಸಿ. ಆಮೇಲೆ ಮಕ್ಕಳಿಗೆ ಹೇಳುವಾಗ ತಾತ ಹಡಗಿನಲ್ಲಿ ಇದ್ದರಂತೆ ಎನ್ನಬೇಕಾಗಿಲ್ಲ. ಇದ್ದರು ಎಂದೇ ಹೇಳಬಹುದು.