ವೇಣುಗೋಪಾಲ ವನ: ಹೆಸರಳಿದ ಒಂದು ಅರಣ್ಯದ ಇತಿಹಾಸ

ಗುಂಡ್ಲುಪೇಟೆಯಿಂದ ಉದಕಮಂಡಲದ ಕಡೆಗೆ ಸಾಗುವ ಹೆದ್ದಾರಿಯ ಇಕ್ಕೆಲಗಳಲ್ಲಿ ಹಬ್ಬಿರುವ ಕಾಡು ಇಂದು ಬಂಡೀಪುರವೆಂಬ ಒಂದೇ ಹೆಸರಿನಿಂದ ಪ್ರಖ್ಯಾತವಾಗಿದೆ. 1941ರಿಂದ ಮೂರು ದಶಕಗಳಿಗೂ ಮೀರಿ ಇದೇ ಕಾಡಿಗೆ ವೇಣುಗೋಪಾಲ ವನ್ಯಮೃಗ ಉದ್ಯಾನವೆಂಬ ಹೆಸರಿದ್ದಿತು.

ಈ ಕಾಡು ಮೈಸೂರು ಅರಸರ ಬೇಟೆಯ ನೆಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1931ರಲ್ಲಿ, ಬಂಡೀಪುರದ ಸುತ್ತ 90 ಚದರ ಕಿಲೋಮೀಟರಿನಷ್ಟು ಪ್ರದೇಶ ಮೃಗಗಳ ಆಶ್ರಯತಾಣವಾಯಿತು. ಆನೆ, ಕಾಟಿಗಳಂತಹ ಅಲೆಮಾರಿ ಪ್ರಾಣಿಗಳಿಗೆ ಇಷ್ಟು ನೆಲ ಸಾಲದು. ಹತ್ತು ವರ್ಷಗಳ ತರುವಾಯ, ಜಯಚಾಮರಾಜ ಒಡೆಯರ ಕಾಲದಲ್ಲಿ, ಅದನ್ನು ಸುಮಾರು 800 ಚದರ ಕಿಲೋಮೀಟರಿಗೆ ವಿಸ್ತರಿಸಿ, ಹಿಮವದ್ಗೋಪಾಲಸ್ವಾಮಿ ಬೆಟ್ಟದ ಮೇಲಿನ ವೇಣುಗೋಪಾಲನ ಹೆಸರನ್ನಿಟ್ಟರು. ಊರವರ ದೇವರೇ ಕಾಡಿನ ಗುರುತಾದದ್ದು ಉಚಿತವಾಗಿಯೇ ಇತ್ತು.

ಆದರೆ ಅಂದಿನ ಉದ್ಯಾನವೆಂದರೆ ಇಂದಿನ ಅರ್ಥದ ರಾಷ್ಟ್ರೀಯ ಉದ್ಯಾನವಲ್ಲ. ವಿಶೇಷ ರಕ್ಷಣೆಯಿದ್ದುದು ನಡುವಿನ ಬಂಡೀಪುರದ ಭಾಗಕ್ಕೆ. ತೇಗ, ಬೀಟೆ, ಹೊನ್ನೆ, ಮತ್ತಿಗಳಿದ್ದ ಉಳಿದ ಕಾಡು ಸರ್ಕಾರಕ್ಕೆ ವರಮಾನ ತರುವ ಅರಣ್ಯವಾಗಿಯೇ ಮುಂದುವರಿಯಿತು. ಮೃಗರಕ್ಷಣೆಯೂ ಮರದ ವ್ಯಾಪಾರವೂ ಒಂದೇ ಸೂರಿನಡಿ ನಡೆದವು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಈ ಸ್ಥಿತಿ ಮಾರ್ಪಟ್ಟಿತು. 1973ರ ಹುಲಿ ಯೋಜನೆಗೆ ಆರಿಸಿದ ಮೊದಲ ಒಂಬತ್ತು ತಾಣಗಳಲ್ಲಿ ಬಂಡೀಪುರವೂ ಒಂದು. ಮರುವರ್ಷ, ವೇಣುಗೋಪಾಲ ಉದ್ಯಾನದ ಬಹುಭಾಗವನ್ನು ಒಳಗೊಂಡು ಸುಮಾರು 874 ಚದರ ಕಿಲೋಮೀಟರಿನ ಬಂಡೀಪುರ ರಾಷ್ಟ್ರೀಯ ಉದ್ಯಾನ ಉದ್ದೇಶಿತವಾಯಿತು. ಎಲ್ಲೆಗಳು ಹೆಚ್ಚು ಬದಲಾಗಲಿಲ್ಲ, ಎಲ್ಲೆಯ ಅರ್ಥ ಬದಲಾಯಿತು. ಹೆಸರಿನ ಬದಲಾವಣೆಯನ್ನಷ್ಟೇ ಗಮನಿಸುವವರಿಗೆ ಇದು ಕಾಣದು. ರಾಷ್ಟ್ರೀಯ ಉದ್ಯಾನದ ಕಾನೂನು ದನಕರು ಮೇಯಿಸುವುದನ್ನು ನಿಷೇಧಿಸುತ್ತದೆ. ನೆಲದ ಮೇಲಿನ ಹಳೆಯ ಹಕ್ಕುಗಳನ್ನು ವಿಚಾರಿಸಿ ತೀರ್ಮಾನಿಸಿ ಸರ್ಕಾರದ ವಶಮಾಡುತ್ತದೆ.

ಅರಸುಮನೆತನದ ನೆಲ ರಾಷ್ಟ್ರೀಯ ಉದ್ಯಾನವಾಗುವುದು ಹೈದರಾಬಾದಿನ ಕನ್ನಡಿಗರಿಗೆ ಅಪರಿಚಿತವಲ್ಲ. ಅಮೀರ್‌ಪೇಟೆಗೆ ಅನತಿದೂರದ ಜೂಬಿಲಿ ಹಿಲ್ಸ್‌ನಲ್ಲಿ ನಿಜಾಮರ ಮನೆತನದ ಚಿರಾನ್ ಅರಮನೆಯ ಆವರಣವು 1998ರಲ್ಲಿ ಕಾಸು ಬ್ರಹ್ಮಾನಂದ ರೆಡ್ಡಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿ ಮರಗಳ ನಡುವೆ ಇದ್ದುದು ಅರಮನೆ. ಬಂಡೀಪುರದ ಸೀಮೆಯಲ್ಲಿದ್ದವರು ಜೇನು, ಗೆಡ್ಡೆಗೆಣಸು, ಸೌದೆಗಳಿಗಾಗಿ ಕಾಡನ್ನೇ ನೆಚ್ಚಿದ ಜೇನುಕುರುಬರು, ಬೆಟ್ಟಕುರುಬರು, ಸೋಲಿಗರು. ಅಂಚಿನ ಹಳ್ಳಿಗಳಲ್ಲಿ ದನ ಸಾಕಿದ ರೈತರು. ಬೇಟೆಯ ಕಾಡನ್ನು ಉಳಿಸಿದ ಕೀರ್ತಿ ಅರಸರಿಗೆ, ಹುಲಿಯನ್ನು ಉಳಿಸಿದ ಕೀರ್ತಿ ಸರ್ಕಾರಕ್ಕೆ ಸಂದಿದೆ, ಅದು ನ್ಯಾಯವೇ. ಅದಕ್ಕಾಗಿ ಮೇವನ್ನೂ ಜೇನನ್ನೂ ಬಿಟ್ಟುಕೊಟ್ಟವರ ಮಾತು ಮಾತ್ರ ಈ ವೃತ್ತಾಂತಗಳಲ್ಲಿ ವಿರಳ.

ಕಬಿನಿ ಜಲಾಶಯ ತುಂಬಿದ್ದೂ ಇದೇ ದಶಕದಲ್ಲಿ. ನಾಗರಹೊಳೆಗೂ ಬಂಡೀಪುರಕ್ಕೂ ನಡುವೆ ನೀರು ನಿಂತಿತು. ಆದರೂ ದಕ್ಷಿಣದ ಮುದುಮಲೈ, ಪಶ್ಚಿಮದ ವಯನಾಡುಗಳೊಡನೆ ಈ ಕಾಡು ಇಂದಿಗೂ ಒಂದೇ ಹರವು. 1986ರ ನೀಲಗಿರಿ ಜೀವಗೋಳವು ಇವೆಲ್ಲವನ್ನೂ ಒಳಗೊಂಡಿತು.

2006ರ ಅರಣ್ಯಹಕ್ಕು ಕಾಯ್ದೆಯು ರಾಷ್ಟ್ರೀಯ ಉದ್ಯಾನಗಳನ್ನು ಹೊರಗಿಡಲಿಲ್ಲ. ಕಾಡಿನಲ್ಲಿ ಬಾಳಿದವರು ತಮ್ಮ ಹಕ್ಕಿನ ಅರ್ಜಿಯನ್ನು ಗ್ರಾಮಸಭೆಯ ಮುಂದಿಡಬಹುದು. ಹಾಡಿಯ ಹಿರಿಯರ ಹೇಳಿಕೆಯೂ ಅಲ್ಲಿ ಸಾಕ್ಷ್ಯವಾಗಿ ಸಲ್ಲುತ್ತದೆ.