ವಾಟರ್‌ಲೂ ರಣರಂಗದಲ್ಲಿ ಒಬ್ಬ ಮಾಂತ್ರಿಕ

ನೆಪೋಲಿಯನ್ನನನ್ನು ಎದುರಿಸಿದ ಬ್ರಿಟಿಷ್ ಸೇನಾನಿ ವೆಲ್ಲಿಂಗ್ಟನ್‌ಗೆ ಮಾಂತ್ರಿಕನೊಬ್ಬನ ನೆರವು ದೊರೆತಿದ್ದರೆ? ಇಂಗ್ಲೆಂಡಿನ ಲೇಖಕಿ ಸುಸಾನಾ ಕ್ಲಾರ್ಕ್ ಅವರ ‘ಜೊನಾಥನ್ ಸ್ಟ್ರೇಂಜ್ ಅಂಡ್ ಮಿಸ್ಟರ್ ನೊರೆಲ್’ ಕಾದಂಬರಿ ಹುಟ್ಟಿದ್ದು ಇಂಥ ಕಲ್ಪನೆಯಿಂದ. 2004ರಲ್ಲಿ ಪ್ರಕಟವಾದ ಈ ಕೃತಿಗೆ ಮರುವರ್ಷ ಹ್ಯೂಗೋ ಪ್ರಶಸ್ತಿ ಲಭಿಸಿತು.

ಕಥೆ ಆರಂಭವಾಗುವುದು 1806ರಲ್ಲಿ. ಉತ್ತರ ಇಂಗ್ಲೆಂಡನ್ನು 300 ವರ್ಷ ಆಳಿದನೆನ್ನಲಾದ ‘ಕಾಗೆರಾಜ’ನ ಪುರಾಣವನ್ನು ಲೇಖಕಿಯೇ ಹೆಣೆದಿದ್ದಾರೆ. ಎಲ್ಲಿಯೂ ಇಲ್ಲದ ಗ್ರಂಥಗಳನ್ನು ಸಂಶೋಧಕರ ಗಾಂಭೀರ್ಯದಿಂದ ಉಲ್ಲೇಖಿಸುವ ಅಡಿಟಿಪ್ಪಣಿಗಳೇ ಇನ್ನೂರರ ಸಮೀಪ! ಕಥಾನಾಯಕ ಸ್ಟ್ರೇಂಜ್ ಪ್ರವೇಶಿಸುವುದು ಬಹಳ ತಡವಾಗಿ. ಓದುಗರಿಗೆ ತಾಳ್ಮೆ ಬೇಕು.

ಮಳೆಯಿಂದ ನಿರ್ಮಿಸಿದ ಹಡಗುಗಳು ಫ್ರೆಂಚ್ ಬಂದರನ್ನು ಮುತ್ತುತ್ತವೆ. ಸೈನ್ಯ ಸಾಗಲೆಂದು ಮಂತ್ರಬಲದಿಂದ ರಸ್ತೆಗಳು ಮೂಡುತ್ತವೆ. ಆದರೂ 1815ರ ವಾಟರ್‌ಲೂ ಕದನದ ಫಲಿತಾಂಶ ಮಾತ್ರ ಇತಿಹಾಸದಲ್ಲಿ ಇದ್ದಂತೆಯೇ ಇದೆ. ಹಾಗಾದರೆ ಈ ಮಾಯೆ ಯಾತಕ್ಕೆ?

ಉತ್ತರವಿರುವುದು ಸ್ಟೀಫನ್ ಬ್ಲ್ಯಾಕ್ ಎಂಬ ಪಾತ್ರದಲ್ಲಿ. ಲಂಡನ್ನಿನ ಮಂತ್ರಿಯೊಬ್ಬರ ಮನೆಯ ಮುಖ್ಯ ಸೇವಕನಾದ ಈ ಕಪ್ಪುವರ್ಣೀಯ ಹುಟ್ಟಿದ್ದು ಗುಲಾಮರನ್ನು ಸಾಗಿಸುವ ಹಡಗಿನಲ್ಲಿ; ತಾಯಿ ಅಲ್ಲಿಯೇ ಅಸುನೀಗಿದಳು. ಆತನ ನಿಜನಾಮ ಯಾರಿಗೂ ತಿಳಿಯದು. ಬ್ರಿಟನ್ ಗುಲಾಮರ ವ್ಯಾಪಾರವನ್ನು ನಿಷೇಧಿಸಿದ್ದು ಕಥೆ ನಡೆಯುವ ಕಾಲದಲ್ಲೇ, 1807ರಲ್ಲಿ. ವಸಾಹತುಗಳಲ್ಲಿನ ಗುಲಾಮಗಿರಿಯ ರದ್ದತಿಗೆ ಕಾನೂನು ಬಂದದ್ದು 1833ರಲ್ಲಿ. ಸೇನಾನಿಗಳ ಹೆಸರುಗಳನ್ನು ಇತಿಹಾಸ ಜೋಪಾನವಾಗಿ ಕಾಯ್ದಿರಿಸಿದೆ. ಸ್ಟೀಫನ್ನನ ಕಳೆದುಹೋದ ಹೆಸರನ್ನು ಹುಡುಕಿ ತರಲು ಮಾತ್ರ ಮಾಯಾಲೋಕದ ಪುರುಷನೇ ಬರಬೇಕಾಯಿತು. ಅವನಾದರೂ ಸ್ಟೀಫನ್ನನನ್ನು ರಾತ್ರಿಯಿಡೀ ತನ್ನ ಅರಮನೆಯಲ್ಲಿ ಕುಣಿಸುವ ಮತ್ತೊಬ್ಬ ಒಡೆಯನೇ.