ನಿಮಗಿದು ಗೊತ್ತೆ? ಕುದಿಸಿದರೆ ಫ್ಲೋರೈಡ್ ಹೋಗದು!

ಚಿತ್ರದುರ್ಗ ಜಿಲ್ಲೆಯ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯಲ್ಲಿ ಕೊಳವೆಬಾವಿ ನೀರಿನ ದೊಡ್ಡ ಕಾಟವೆಂದರೆ ಫ್ಲೋರೈಡ್. ಬಂಡೆಗಳ ಸಂದಿಯಲ್ಲಿ ಬಹುಕಾಲ ನಿಂತ ನೀರು ಖನಿಜಗಳಿಂದ ಅದನ್ನು ಕರಗಿಸಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಬಣ್ಣ, ವಾಸನೆಯಿಂದ ಇದು ತಿಳಿಯದು, ಪರೀಕ್ಷೆಯೇ ಆಗಬೇಕು. ಕುದಿಸಿದರಂತೂ ನೀರು ಆವಿಯಾಗಿ, ಉಳಿದದ್ದರಲ್ಲಿ ಫ್ಲೋರೈಡ್ ಸಾಂದ್ರತೆ ಏರುತ್ತದೆ.

ಎಂಟು ವರ್ಷದೊಳಗಿನ ಮಕ್ಕಳಿಗೆ ಅಪಾಯ ಹೆಚ್ಚು. ಒಸಡಿನೊಳಗೆ ರೂಪುಗೊಳ್ಳುತ್ತಿರುವ ಹಲ್ಲಿಗೇ ಪೆಟ್ಟು ಬಿದ್ದು, ಮುಂದೆ ಬಿಳಿ ಮಚ್ಚೆ, ಕಂದು ಗೆರೆ ಮೂಡುತ್ತವೆ. ವರ್ಷಗಟ್ಟಲೆ ಇಂಥ ನೀರು ಕುಡಿದವರ ಎಕ್ಸ್‌ರೇ ನೋಡಿದರೆ ಎದೆ ಝಲ್ಲೆನ್ನುತ್ತದೆ: ಬೆನ್ನೆಲುಬು ಸುಣ್ಣ ಬಳಿದಂತೆ ಬೆಳ್ಳಗೆ, ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆಯೂ ಸುಣ್ಣಗಟ್ಟಿ ಚಿತ್ರದಲ್ಲಿ ಎದ್ದು ಕಾಣುತ್ತದೆ. ವೈದ್ಯರು ಫ್ಲೋರೈಡ್‌ನಿಂದ ಬರುವ ಈ ಮೂಳೆರೋಗ, ಅಂದರೆ ಮೂಳೆಯ ಫ್ಲೋರೋಸಿಸ್ ಗುರುತಿಸುವಾಗ ಮುಂಗೈ ಚಿತ್ರ ತೆಗೆಸುವುದು ಇದಕ್ಕೇ.

ಫ್ಲೋರೈಡ್ ತೆಗೆಯಲು ನಾಗಪುರದ ಪರಿಸರ ಸಂಶೋಧನಾ ಸಂಸ್ಥೆ ‘ನೀರಿ’ ರೂಪಿಸಿದ ‘ನಲಗೊಂಡ ವಿಧಾನ’ದಲ್ಲಿ ಸುಣ್ಣ, ಪಟಿಕ ಬೆರೆಸಿ ಕಲಕಿದರೆ ಫ್ಲೋರೈಡ್ ಗಸಿಯೊಂದಿಗೆ ತಳ ಸೇರುತ್ತದೆ. ಈಗ ಊರೂರಿಗೂ ನೀರು ಶುದ್ಧೀಕರಿಸುವ ಆರ್‌ಒ ಘಟಕ ಬಂದಿದೆ. ಆದರೆ ಅದು ಹೊರಚೆಲ್ಲುವ ನೀರಿನಲ್ಲಿ ಫ್ಲೋರೈಡ್ ಮೊದಲಿಗಿಂತ ಹೆಚ್ಚು. ಅದನ್ನು ದನಕರುಗಳ ತೊಟ್ಟಿಗೆ ಬಿಡಬೇಡಿ, ಜಾನುವಾರುಗಳಿಗೂ ಫ್ಲೋರೋಸಿಸ್ ಬರುತ್ತದೆ.